ದಿನ ತುಂಬದ ಕೂಸು, ಬಾಗಿಲಾಚೆ ನಿಂತ ತಾಯಿ

ಏಳು ತಿಂಗಳಿಗೆ ಹುಟ್ಟಿದ ಮಗು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು. ಕರಾವಳಿಯ ಮನೆಗಳಲ್ಲಿ ಹಿರಿಯ ಹೆಂಗಸರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತಿದು. ಇದು ಈ ಊರಿನದು ಮಾತ್ರವೇನಲ್ಲ. ಎಂಟನೇ ತಿಂಗಳಲ್ಲಿ ಓಜಸ್ಸು ಸ್ಥಿರವಾಗಿ ನಿಲ್ಲುವುದಿಲ್ಲ, ಆಗ ಹುಟ್ಟಿದ ಶಿಶು ಬದುಕುವುದಿಲ್ಲ ಎಂಬ ಅಭಿಪ್ರಾಯ ಸುಶ್ರುತ ಸಂಹಿತೆಯಲ್ಲಿದೆ. ದೂರದ ಗ್ರೀಸಿನಲ್ಲಿ ಹಿಪೊಕ್ರೆಟಿಸ್ ಪರಂಪರೆಯ ವೈದ್ಯರು ಎಂಟು ತಿಂಗಳ ಮಗುವಿನ ಕುರಿತೇ ಒಂದು ಗ್ರಂಥ ಬರೆದಿಟ್ಟಿದ್ದರು. ಸಾವಿರಾರು ಮೈಲಿ ದೂರದ ಎರಡು ನಾಡುಗಳು ಒಂದೇ ಭಯವನ್ನು ಶಾಸ್ತ್ರವಾಗಿಸಿಕೊಂಡಿದ್ದವು.

ಇಂದಿನ ವೈದ್ಯರು ಕಂಡುಕೊಂಡಿರುವುದು ಇದಕ್ಕೆ ತೀರಾ ಬೇರೆ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶಕ್ಕೆ, ಮಿದುಳಿಗೆ, ಕರುಳಿಗೆ ಬಲ ತುಂಬುತ್ತದೆ. ಎಂಟರ ಮಗು ಏಳರ ಮಗುವಿಗಿಂತ ಗಟ್ಟಿ. ಆದರೂ ಆ ಹಳೆಯ ಮಾತು ಇನ್ನೂ ಸತ್ತಿಲ್ಲ. 33 ವಾರಕ್ಕೆ ಹೆತ್ತವಳ ಕಿವಿಗೆ ಅದು ಬಿದ್ದರೆ, ಮಗು ಚೆನ್ನಾಗಿದೆ ಎಂದು ವೈದ್ಯರು ಎಷ್ಟು ಸಲ ಹೇಳಿದರೂ ಅವಳಿಗೆ ನಿದ್ದೆ ಹತ್ತುವುದಿಲ್ಲ.

37 ವಾರ ತುಂಬುವ ಮೊದಲು ಹುಟ್ಟಿದ ಮಕ್ಕಳನ್ನು ಉಳಿಸಿಕೊಂಡ ಕಥೆಯನ್ನು ವೈದ್ಯಲೋಕ ಹಲವು ಸಲ ಬರೆದಿದೆ. ಅದರಲ್ಲಿ ಯಂತ್ರಗಳಿವೆ, ಔಷಧಗಳಿವೆ, ಅವನ್ನು ಕಂಡುಹಿಡಿದವರ ಹೆಸರುಗಳಿವೆ. ಆ ಮಕ್ಕಳ ತಾಯಿ ತಂದೆ ಆ ಹೊತ್ತಿನಲ್ಲಿ ಎಲ್ಲಿ ಕೂತಿದ್ದರು, ಹೇಗೆ ದಿನ ದೂಡಿದರು ಎಂಬುದು ಮಾತ್ರ ಬಹುಮಟ್ಟಿಗೆ ಇಲ್ಲ. ಮಂಗಳೂರಿನ ಮಟ್ಟಿಗೆ ಅದನ್ನು ಹುಡುಕುತ್ತ ಹೋದರೆ ಎದುರಾಗುವುದು ಒಂದು ಬಾಗಿಲು. ಮೊದಲು ಅದು ಬಾಣಂತಿ ಕೋಣೆಯದು, ಆಮೇಲೆ ಹೆರಿಗೆ ವಾರ್ಡಿನದು, ಕೊನೆಗೆ ಎನ್‌ಐಸಿಯು ಎಂದು ಎಲ್ಲರೂ ಕರೆಯುವ ನವಜಾತ ಶಿಶುಗಳ ತೀವ್ರ ನಿಗಾ ಘಟಕದ್ದು. ಆ ಬಾಗಿಲು ಮುಚ್ಚಿದಾಗ ಯಾರು ಒಳಗುಳಿದರು, ಯಾರು ಹೊರಗುಳಿದರು ಎಂಬುದರಲ್ಲಿ ಹೆತ್ತವರ ಮನಸ್ಸಿನ ಕಥೆಯ ದೊಡ್ಡ ಪಾಲು ಅಡಗಿದೆ.

ಬಾಣಂತಿ ಕೋಣೆಯಿಂದಲೇ ಶುರುಮಾಡಬಹುದು. ಹಳೆಯ ದಕ್ಷಿಣ ಕನ್ನಡದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬಯಕೆಯ ಶಾಸ್ತ್ರ ಮುಗಿಸಿಕೊಂಡು ಬಸುರಿ ತಾಯಿಮನೆಗೆ ಬರುತ್ತಿದ್ದಳು. ಬಂಟ, ಬಿಲ್ಲವ, ಮೊಗವೀರ ಸಮುದಾಯಗಳ ಅಳಿಯಸಂತಾನದ ಕುಟುಂಬಗಳಲ್ಲಂತೂ ಮನೆತನ ಸಾಗುವುದೇ ಹೆಣ್ಣಿನ ಮೂಲಕ, ಆದ್ದರಿಂದ ಹೆತ್ತವಳ ಸುತ್ತ ಅವಳ ರಕ್ತಸಂಬಂಧದ ಹೆಂಗಸರೇ ಇರುತ್ತಿದ್ದರು. ತುಳುವಿನಲ್ಲಿ ಪೆದ್ಮೆದಿ ಎನಿಸಿಕೊಳ್ಳುವ ಬಾಣಂತಿಗೆ ನೆಕ್ಕಿ ಸೊಪ್ಪು ಹಾಕಿ ಕುದಿಸಿದ ಹಂಡೆ ನೀರಿನ ಸ್ನಾನ, ಮೆಂತ್ಯದ ಗಂಜಿ, ಲೇಹ್ಯ, ನಲವತ್ತು ದಿನಗಳ ವಿಶ್ರಾಂತಿ. ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವವರೆಗೆ ಹೊರಗಿನವರಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ.

ದಿನ ತುಂಬದ ಕೂಸು ಹುಟ್ಟಿದರೂ ಅದರ ಜಾಗ ಅದೇ ಕೋಣೆ. ಹತ್ತಿಯಲ್ಲಿ ಸುತ್ತಿ ಬೆಚ್ಚಗಿಡುವುದು, ಮೊಲೆ ಚೀಪುವ ಶಕ್ತಿ ಇಲ್ಲದಿದ್ದರೆ ಹಾಲು ಹಿಂಡಿ ಒಳಲೆಯಿಂದ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುವುದು, ಇಷ್ಟೇ ಚಿಕಿತ್ಸೆ. ಆ ಒಳಲೆ ಹಳೆಯ ಕಾಲದ ವಸ್ತು ಎಂದು ಮೂಲೆಗೆ ಸೇರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ದಕ್ಷಿಣ ಭಾರತದ ಎನ್‌ಐಸಿಯುಗಳಲ್ಲಿ ಇಂದಿಗೂ ಚಿಕ್ಕ ಮಕ್ಕಳಿಗೆ ಹಾಲುಣಿಸಲು ಅದನ್ನೇ ಸ್ಟೀಲಿನಲ್ಲಿ ಮಾಡಿಸಿಟ್ಟುಕೊಂಡಿರುತ್ತಾರೆ.

ಆ ಕೋಣೆಯನ್ನು ಹೊಗಳಿ ಮುಗಿಸಲು ಮಾತ್ರ ಆಗದು. 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 200ಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಬೇಗ ಹುಟ್ಟಿದವುಗಳಲ್ಲಿ ಉಳಿದವು ಕೆಲವೇ ಇರಬೇಕು. ಮಗು ಹೋದಾಗ ತಾಯಿಗೆ ಸಿಗುತ್ತಿದ್ದ ಸಾಂತ್ವನವೆಂದರೆ ಅದು ಉಳಿಯುವ ಮಗುವಲ್ಲ, ಇನ್ನೊಂದಾದರೆ ಮರೆತುಹೋಗುತ್ತದೆ ಎಂಬ ಮಾತು. ಅದರ ಜತೆಗೆ ಒಂದು ವಿಚಾರಣೆಯೂ ನಡೆಯುತ್ತಿತ್ತು: ಗ್ರಹಣದ ದಿನ ಹೊರಗೆ ಹೋಗಿದ್ದಳೇ, ಕೊಡಪಾನ ಎತ್ತಿದಳೇ, ಪಪ್ಪಾಯಿ ತಿಂದಳೇ? ತಪ್ಪು ಎಲ್ಲಾದರೂ ಇರಲೇಬೇಕು, ಅದು ಹೆತ್ತವಳದೇ ಇರಬೇಕು. ಆ ಕೋಣೆಯ ಪರವಾಗಿ ಹೇಳಬಹುದಾದದ್ದು ಒಂದೇ, ಆದರೆ ಅದು ಸಣ್ಣದಲ್ಲ. ಅದರ ಬಾಗಿಲು ಮುಚ್ಚಿದಾಗ ತಾಯಿ ಮತ್ತು ಮಗು ಇಬ್ಬರೂ ಒಳಗೇ ಇದ್ದರು.

ಆಸ್ಪತ್ರೆ ಮಂಗಳೂರಿಗೆ ಬಂದದ್ದು ಬೇರೆಯೇ ಕಾರಣಕ್ಕೆ. ಕಂಪನಿ ಸರಕಾರದ ಕಾಲದಲ್ಲಿ, 1848ರಲ್ಲಿ ಶುರುವಾದ ಆಸ್ಪತ್ರೆಯೇ ಮುಂದೆ ಮದರಾಸಿನ ಗವರ್ನರ್ ವೆನ್‌ಲಾಕ್ ಅವರ ಹೆಸರು ಹೊತ್ತಿತು. ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಹಂಚಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು, ಪ್ಲೇಗು ಬಂದಾಗ 1902ರಲ್ಲಿ ಅದಕ್ಕೊಂದು ಆಸ್ಪತ್ರೆ ತೆರೆದರು. ಮನೆಯವರು ಮುಟ್ಟಲು ಹೆದರುತ್ತಿದ್ದವರನ್ನು ಎತ್ತಿ ಆರೈಕೆ ಮಾಡಿದ ಆ ಕೆಲಸ ದೊಡ್ಡದು. ಆದರೆ ಊರಿನ ಜನರ ಮನಸ್ಸಿನಲ್ಲಿ ಆಸ್ಪತ್ರೆಯ ಮೊದಲ ಚಿತ್ರ ಮೂಡಿದ್ದೂ ಹೀಗೆಯೇ. ರೋಗವಿದ್ದವರನ್ನು ಮನೆಯವರಿಂದ ಬೇರೆ ಮಾಡಿ ಇಡುವ ಜಾಗ ಅದು. ಸೋಂಕು ತಡೆಯಬೇಕಾದರೆ ಬೇರ್ಪಡಿಸಬೇಕು ಎಂಬ ಶಿಸ್ತು ಮುಂದೆ ಮಕ್ಕಳ ವಾರ್ಡಿಗೂ ಹೊಕ್ಕಿತು.

ಹೆಂಗಸರು ಹೆರಿಗೆಗೆಂದು ಆ ಬಾಗಿಲು ದಾಟಲು ಇನ್ನೂ ಕಾಲ ಬೇಕಾಯಿತು. ಗಂಡಸು ಡಾಕ್ಟರು ಮುಟ್ಟಬಾರದು ಎಂಬುದು ದೊಡ್ಡ ಅಡ್ಡಿ. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ದೇಶದಾದ್ಯಂತ ಹೆಣ್ಣುಡಾಕ್ಟರುಗಳನ್ನೂ ದಾದಿಯರನ್ನೂ ತಯಾರು ಮಾಡಲು ಹೊರಟಿತು. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು ಮಕ್ಕಳಿಗೆಂದು ಆಸ್ಪತ್ರೆ ತೆರೆದರು. ಜನ ಇಂದಿಗೂ ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಮಂಗಳೂರಿನ ಹಂಪನಕಟ್ಟೆಯ ಲೇಡಿಗೋಷನ್ ಆಸ್ಪತ್ರೆ ಹೆಸರು ಪಡೆದದ್ದು 1924ರಿಂದ 1929ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಗೋಷನ್ ಅವರ ಪತ್ನಿಯಿಂದ. 1955ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಂಗಳೂರಿಗೂ ಬಂದಾಗ ವೆನ್‌ಲಾಕ್ ಮತ್ತು ಲೇಡಿಗೋಷನ್ ಆಸ್ಪತ್ರೆಗಳೇ ಅದರ ಪಾಠಶಾಲೆಗಳಾದವು. ಮಣಿಪಾಲದ ಡಾ. ಟಿ.ಎಂ.ಎ. ಪೈ ಅವರ ಆ ಏರ್ಪಾಟಿನಿಂದ ಸರಕಾರಿ ಹಾಸಿಗೆಯಲ್ಲಿದ್ದ ಬಡ ಬಾಣಂತಿಗೂ ಮೆಡಿಕಲ್ ಕಾಲೇಜಿನ ಪ್ರೊಫೆಸರರ ಚಿಕಿತ್ಸೆ ಸಿಗುವಂತಾಯಿತು.

ಅಷ್ಟು ಹೊತ್ತಿಗೆ ಪಶ್ಚಿಮದಲ್ಲಿ ದಿನ ತುಂಬದ ಮಕ್ಕಳ ಆರೈಕೆ ಒಂದು ದೊಡ್ಡ ಸುತ್ತು ಹೊಡೆದಾಗಿತ್ತು. ಪ್ಯಾರಿಸಿನ ಹೆರಿಗೆ ಆಸ್ಪತ್ರೆಯಲ್ಲಿ ಸ್ಟೆಫಾನ್ ಟಾರ್ನಿಯೇ 1880ರ ಹೊತ್ತಿಗೆ ಮಕ್ಕಳಿಗೆ ಬೆಚ್ಚನೆಯ ಪೆಟ್ಟಿಗೆ ಬಳಸತೊಡಗಿದ. ಅವನ ಶಿಷ್ಯ ಪಿಯರ್ ಬುದೇನ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದ. ಮಗುವನ್ನು ಎತ್ತಿ ಆಡಿಸಲು, ಹಾಲೂಡಿಸಲು ಆಗದ ತಾಯಿಗೆ ಅದರ ಮೇಲಿನ ಆಸೆಯೇ ಕಳಚಿಹೋಗುತ್ತದೆ ಎಂದು ಅವನು ಕಣ್ಣಾರೆ ಕಂಡಿದ್ದ. ಆ ಎಚ್ಚರಿಕೆ ಯಾರ ಕಿವಿಗೂ ಬೀಳಲಿಲ್ಲ. ಪೆಟ್ಟಿಗೆ ಮಾತ್ರ ಲೋಕ ಸುತ್ತಿತು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಮಾರ್ಟಿನ್ ಕೌನಿ 1903ರಿಂದ 1943ರವರೆಗೆ ಆ ಪೆಟ್ಟಿಗೆಯ ಮಕ್ಕಳನ್ನು ಟಿಕೆಟ್ಟಿಗೆ ಪ್ರದರ್ಶಿಸಿದ. ಹೆತ್ತವರಿಂದ ಬಿಡಿಗಾಸು ಪಡೆಯದೆ, ಆ ಟಿಕೆಟ್ಟಿನ ಹಣದಿಂದ ಸಾವಿರಾರು ಮಕ್ಕಳನ್ನು ಉಳಿಸಿದ ಎಂಬುದು ಸತ್ಯ. ತಾಯಂದಿರು ಗಾಜಿನ ಈಚೆ ನಿಂತು ಜನಜಂಗುಳಿಯ ನಡುವೆ ತಮ್ಮ ಮಗುವನ್ನು ನೋಡಬೇಕಾಗಿತ್ತು ಎಂಬುದೂ ಸತ್ಯ.

20ನೇ ಶತಮಾನದ ನಡುಭಾಗದ ಹೊತ್ತಿಗೆ ದಿನ ತುಂಬದ ಮಕ್ಕಳ ವಾರ್ಡ್ ಎಂದರೆ ಹೆತ್ತವರಿಗೆ ಬೀಗ ಎಂಬುದು ಬಹಳಷ್ಟು ಕಡೆ ನಿಯಮವಾಗಿತ್ತು. ಕಾರಣ ಸೋಂಕಿನ ಭಯ, ಅದು ಸುಳ್ಳು ಭಯವೂ ಅಲ್ಲ. ಆದರೆ ಆ ಬೀಗಕ್ಕೆ ತೆರುತ್ತಿದ್ದ ಬೆಲೆಯನ್ನು ಯಾರೂ ಎಣಿಸಿರಲಿಲ್ಲ. 1960ರಲ್ಲಿ ಡೇವಿಡ್ ಕಪ್ಲಾನ್ ಮತ್ತು ಎಡ್ವರ್ಡ್ ಮೇಸನ್ ಎಂಬ ಇಬ್ಬರು ಅಮೆರಿಕನ್ನರು ಆ ತಾಯಂದಿರ ಸಂಕಟವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಅವರ ಪ್ರಕಾರ ಆ ತಾಯಿಗೆ ನಾಲ್ಕು ಘಟ್ಟ ದಾಟಬೇಕಾಗುತ್ತದೆ. ಮಗು ಹೋಗಿಯೇಬಿಡಬಹುದು ಎಂದು ಮುಂಚಿತವಾಗಿ ಅಳುವುದು ಒಂದು. ತುಂಬುದಿನದ ಮಗುವನ್ನು ಹೆರಲಾಗಲಿಲ್ಲ ಎಂಬ ಸೋಲನ್ನು ಎದುರಿಸುವುದು ಇನ್ನೊಂದು. ಮಗು ಚೇತರಿಸಿಕೊಂಡಾಗ ಕಡಿದುಹೋದ ನಂಟನ್ನು ಮತ್ತೆ ಕಟ್ಟಿಕೊಳ್ಳಬೇಕು. ಈ ಮಗು ಬೇರೆ ಮಕ್ಕಳಂತಲ್ಲ, ಇದಕ್ಕೆ ಏನೇನು ಬೇಕು ಎಂದು ಕಲಿಯುವುದು ಕೊನೆಯದು.

ಅರವತ್ತು ವರ್ಷ ದಾಟಿದರೂ ಈ ಪಟ್ಟಿ ಹಳತಾಗಿಲ್ಲ. ಮೊದಲ ಘಟ್ಟವನ್ನು ಓದಿದಾಗಲಂತೂ, ಹೆಸರಿಡದೆ ಕಾಯುವ ನಮ್ಮ ಮನೆಗಳು ನೆನಪಾಗುತ್ತವೆ. ನಾಮಕರಣಕ್ಕೆ ಶಾಸ್ತ್ರದ ದಿನವಿದ್ದರೂ ಮಗು ಪೆಟ್ಟಿಗೆಯಲ್ಲಿದ್ದರೆ ಮನೆಯವರು ಅದನ್ನು ಮುಂದೂಡುತ್ತಾರೆ. ತೊಟ್ಟಿಲು ಅಟ್ಟದಲ್ಲೇ ಇರುತ್ತದೆ, ಸಿಹಿ ಹಂಚುವುದಿಲ್ಲ. ಉಳಿಯುತ್ತದೋ ಇಲ್ಲವೋ ಎಂಬ ಮಾತನ್ನು ಬಾಯಿಬಿಟ್ಟು ಆಡದಿದ್ದರೂ ಮಾಡದೇ ಬಿಟ್ಟ ಕೆಲಸಗಳಲ್ಲಿ ತಾಯಿ ಅದನ್ನು ಓದಿಕೊಳ್ಳುತ್ತಾಳೆ. ಅತ್ತ ಎನ್‌ಐಸಿಯುವಿನಲ್ಲಿ ಕೂಸಿನ ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ಬರೆದಿರುವುದು 'ಬೇಬಿ ಆಫ್' ಎಂದು, ಮುಂದೆ ತಾಯಿಯ ಹೆಸರು. ಎಷ್ಟೋ ವಾರ ಆ ಮಗುವಿಗೆ ಇರುವುದು ತಾಯಿಯ ಹೆಸರೊಂದೇ.

1993ರಲ್ಲಿ ಮಾರ್ಗರೆಟ್ ಮೈಲ್ಸ್ ಮತ್ತು ಸಂಗಡಿಗರು ಎನ್‌ಐಸಿಯು ಹೆತ್ತವರ ಒತ್ತಡವನ್ನು ಅಳೆಯುವ ಒಂದು ಮಾಪಕ ರೂಪಿಸಿದರು. ಕರ್ನಾಟಕವೂ ಸೇರಿ ಹಲವು ಕಡೆ ಅದನ್ನು ಬಳಸಲಾಗಿದೆ. ಮಾನಿಟರುಗಳ ಕೂಗು, ಮಗುವಿನ ಮೈಗೆಲ್ಲ ಹಚ್ಚಿದ ನಳಿಕೆ, ಬಣ್ಣ ಬದಲಾಗುವ ಚರ್ಮ, ಇವೆಲ್ಲ ಹೆತ್ತವರನ್ನು ಹೆದರಿಸುತ್ತವೆ ಎಂಬುದು ನಿರೀಕ್ಷಿತ. ಆದರೆ ಮತ್ತೆ ಮತ್ತೆ ಎಲ್ಲಕ್ಕಿಂತ ಮೇಲೆ ಬಂದ ಸಂಕಟ ಬೇರೆಯದು: ನನ್ನ ಮಗುವಿಗೆ ನಾನು ಏನೂ ಮಾಡಲಾಗುತ್ತಿಲ್ಲ, ನಾನಿಲ್ಲಿ ತಾಯಿಯೇ ಅಲ್ಲ ಎಂಬ ಭಾವ. ಬುದೇನ್ ಕಂಡದ್ದೂ ಇದನ್ನೇ.

ಬೀಗ ಸಡಿಲಗೊಂಡ ಕಥೆಯಲ್ಲಿ ಕನ್ನಡದ ಒಬ್ಬ ಹೆಣ್ಣುಮಗಳ ಪಾತ್ರ ದೊಡ್ಡದು. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದ ಡಾ. ಆರ್ಮಿಡಾ ಫರ್ನಾಂಡಿಸ್ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಭಾಗ ನೋಡಿಕೊಳ್ಳುತ್ತಿದ್ದರು. ಧಾರಾವಿಯ ಬಡವರು ಬರುವ ಆಸ್ಪತ್ರೆ ಅದು. ದಾದಿಯರು ಕಡಿಮೆ, ಮಕ್ಕಳು ಹೆಚ್ಚು, ಸೋಂಕಿನಿಂದ ಸಾವು ವಿಪರೀತ. ಡಬ್ಬಿ ಹಾಲು ನಿಲ್ಲಿಸಿ, ತಾಯಂದಿರನ್ನೇ ಒಳಗೆ ಕರೆದು, ಕೈ ತೊಳೆಸಿ, ಮಗುವಿನ ಆರೈಕೆಯನ್ನು ಅವರ ಕೈಗೆ ಕೊಟ್ಟರು. ಸಾವು ಇಳಿಯಿತು. 1989ರಲ್ಲಿ ಅವರು ಅಲ್ಲೇ ತೆರೆದ ತಾಯಿಹಾಲಿನ ಬ್ಯಾಂಕ್ ಏಷ್ಯಾದಲ್ಲೇ ಮೊದಲನೆಯದು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲೂ ತಾಯಂದಿರನ್ನು ಒಳಗೆ ಬಿಟ್ಟು ನೋಡಿದ ಪ್ರಯೋಗದ ವರದಿ 1970ರಲ್ಲಿ ಬಂದಿತ್ತು, ಅಲ್ಲೂ ಸೋಂಕು ಹೆಚ್ಚಿರಲಿಲ್ಲ. ಆದರೆ ಸಯನ್ನಿನದು ಪ್ರಯೋಗವಾಗಿರಲಿಲ್ಲ, ಗತ್ಯಂತರವಿಲ್ಲದೆ ಹುಟ್ಟಿದ ವಿವೇಕವಾಗಿತ್ತು.

ಕೊಲಂಬಿಯಾದ ಬೊಗೋಟಾದಲ್ಲೂ ಅಂಥದೇ ಒತ್ತಡ. ಪೆಟ್ಟಿಗೆಗಳು ಸಾಲದೆ 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಮಗುವನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಡುವ ಕ್ರಮ ತಂದರು. ಕಾಂಗರೂ ಆರೈಕೆ ಎಂದು ಅದಕ್ಕೆ ಹೆಸರು ಬಂತು. ಮೊದಲಿಗೆ ಬಡದೇಶಗಳ ಬದಲಿ ವ್ಯವಸ್ಥೆ ಎಂದೇ ಜಗತ್ತು ಅದನ್ನು ನೋಡಿತು. 2021ರಲ್ಲಿ ಆ ನೋಟ ಬದಲಾಯಿತು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ 3211 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮಗು ಸ್ಥಿರವಾಗಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದ ಗುಂಪಿನಲ್ಲಿ 28 ದಿನಗಳೊಳಗಿನ ಸಾವು ಶೇ 12, ಹಳೆಯ ಕ್ರಮದ ಗುಂಪಿನಲ್ಲಿ ಶೇ 15.7. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಇದು ನಡೆಯಬೇಕಾದರೆ ತಾಯಿಯ ಹಾಸಿಗೆ ಎನ್‌ಐಸಿಯುವಿನ ಒಳಗೇ ಇರಬೇಕಾಗಿತ್ತು, ಇತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೊಸ ಶಿಫಾರಸುಗಳನ್ನು ಹೊರಡಿಸಿದಾಗ ಕುಟುಂಬದವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕು, ಅವರಿಗೂ ಆಸರೆ ಒದಗಿಸಬೇಕು ಎಂಬುದನ್ನು ಚಿಕಿತ್ಸೆಯ ಸಾಲಿನಲ್ಲೇ ಇಟ್ಟಿತು.

ಭಾರತ ಸರಕಾರ ಈ ದಾರಿಗೆ ಬಂದದ್ದು ಅದಕ್ಕೂ ಮೊದಲು. ದಿಲ್ಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಡಾ. ಆರತಿ ಮಾರಿಯಾ ಮತ್ತು ಸಂಗಡಿಗರು ಹೆತ್ತವರಿಗೆ ತರಬೇತಿ ಕೊಟ್ಟು ಒಳಗೆ ಬಿಡುವ ಕ್ರಮ ರೂಪಿಸಿದ್ದರು. ಅದರ ಆಧಾರದಲ್ಲಿ 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆ ಕಾಂಗರೂ ಆರೈಕೆಯ ದೊಡ್ಡ ಪಾಠಶಾಲೆಯಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮತ್ತು ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನ ಸರಕಾರದ ಜತೆ ಸೇರಿ, ತಾಲೂಕು ಆಸ್ಪತ್ರೆಯಿಂದ ಮನೆಯವರೆಗೆ ಆ ಕ್ರಮ ಹೇಗೆ ತಲುಪಬಹುದೆಂದು ಅಲ್ಲಿ ತೋರಿಸಿದವು.

ಮಂಗಳೂರಿನ ಸ್ಥಿತಿ ಕೊಪ್ಪಳಕ್ಕಿಂತ ಬೇರೆ. ಇಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಲೇಡಿಗೋಷನ್, ವೆನ್‌ಲಾಕಿನ ಮಕ್ಕಳ ವಿಭಾಗ, ಕಂಕನಾಡಿ, ಅತ್ತಾವರ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಹೀಗೆ ಒಂದು ಸಣ್ಣ ನಗರದಲ್ಲಿ ಇಷ್ಟೊಂದು ಎನ್‌ಐಸಿಯುಗಳು ಇರುವುದು ಅಪರೂಪ. ಆದ್ದರಿಂದಲೇ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ಬಸುರಿಯರು ಇಲ್ಲಿಗೆ ಬರುತ್ತಾರೆ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ್ದೇ ಭಾಗ. ರಾಜ್ಯದ ಗಡಿ ಬದಲಾದರೂ ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾದ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ನಂಟಿನ ಆಳ ಎಲ್ಲರಿಗೂ ತಿಳಿಯಿತು. ಆಂಬುಲೆನ್ಸುಗಳು ಗಡಿಯಲ್ಲೇ ನಿಂತವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅದೇ ತಿಂಗಳುಗಳಲ್ಲಿ ಜಗತ್ತಿನ ಬಹಳಷ್ಟು ಎನ್‌ಐಸಿಯುಗಳು ಹೆತ್ತವರಿಗೆ ಮತ್ತೆ ಬಾಗಿಲು ಮುಚ್ಚಿದ್ದವು. ನಲವತ್ತು ವರ್ಷಗಳಲ್ಲಿ ತೆರೆದದ್ದು ಕೆಲವು ವಾರಗಳಲ್ಲಿ ಮುಚ್ಚಿಹೋಯಿತು ಎಂಬುದನ್ನು ಮರೆಯಬಾರದು.

ದೂರದಿಂದ ಬಂದವರ ಕಷ್ಟ ಮಗು ದಾಖಲಾದ ಮೊದಲ ವಾರದಲ್ಲಿ ಅಷ್ಟಾಗಿ ಕಾಣುವುದಿಲ್ಲ. ತಾಯಿಯೂ ದಾಖಲಾಗಿರುತ್ತಾಳೆ, ಅವಳಿಗೊಂದು ಹಾಸಿಗೆ ಇರುತ್ತದೆ. ಅವಳು ಡಿಸ್ಚಾರ್ಜ್ ಆದಮೇಲೆ ಮಗು ಒಳಗೆ, ಅವಳು ಎಲ್ಲಿ? 1200 ಗ್ರಾಂ ಇರುವ ಕೂಸು 1800 ಮುಟ್ಟಲು ವಾರಗಟ್ಟಲೆ ಬೇಕು. ದಿನಕ್ಕೆ ಎಂಟು ಹತ್ತು ಸಲ ಹಾಲು ಹಿಂಡಿ ಕೊಡಬೇಕಾದ ಬಾಣಂತಿ ಸುಳ್ಯದಿಂದಲೋ ಮಂಜೇಶ್ವರದಿಂದಲೋ ಬಸ್ಸಿನಲ್ಲಿ ಓಡಾಡುವುದು ಸಾಧ್ಯವಿಲ್ಲ. ಮನೆಯಲ್ಲಿದ್ದಿದ್ದರೆ ಬಿಸಿನೀರು, ಗಂಜಿ, ವಿಶ್ರಾಂತಿಯಲ್ಲಿ ಕಳೆಯಬೇಕಾದ ನಲವತ್ತು ದಿನಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಳೆಯುತ್ತವೆ. ಹೊಲಿಗೆ ನೋಯುತ್ತಿರುತ್ತದೆ. ಹಾಲು ಕಡಿಮೆಯಾದರೆ ಅದಕ್ಕೂ ತಾನೇ ಕಾರಣ ಎಂದುಕೊಳ್ಳುತ್ತಾಳೆ. 'ಇವತ್ತು ಎಷ್ಟು ಗ್ರಾಂ?' ಎಂದು ಊರಿನಿಂದ ಬರುವ ಪ್ರತಿ ಫೋನೂ ಕೇಳುತ್ತದೆ. ಹತ್ತು ಗ್ರಾಂ ಇಳಿದ ದಿನ ಆ ಫೋನು ಎತ್ತಲು ಅವಳಿಗೆ ಧೈರ್ಯ ಸಾಲದು.

ಇದರ ಜತೆ ಸಂಬಳದ ಪ್ರಶ್ನೆ. ದಕ್ಷಿಣ ಕನ್ನಡದ ಸಾವಿರಾರು ಹೆಂಗಸರಿಗೆ ಬೀಡಿಯೇ ಕೈಕಾಸು. ಕಟ್ಟಿದ ಬೀಡಿಗಷ್ಟೇ ಮಜೂರಿ, ಆಸ್ಪತ್ರೆಯಲ್ಲಿ ಕೂತ ದಿನ ಏನೂ ಇಲ್ಲ. ನೌಕರಿಯಲ್ಲಿರುವವಳಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ಇದೆ. ಅವಧಿಗೆ ಮೊದಲು ಹೆರಿಗೆಯಾಗಿ ಅದರಿಂದ ತಾಯಿಗೆ ಕಾಯಿಲೆಯಾದರೆ ಮತ್ತೆ ಒಂದು ತಿಂಗಳ ರಜೆ ಪಡೆಯಬಹುದು ಎಂಬ ಅವಕಾಶ 1961ರ ಕಾಯಿದೆಯ ಕಾಲದಿಂದಲೇ ಇದೆ, ಅದನ್ನು ಬಲ್ಲವರು ಕಡಿಮೆ. ಮಗು ಎನ್‌ಐಸಿಯುವಿನಲ್ಲಿ ಕಳೆದ ದಿನಗಳಿಗೆಂದು ಪ್ರತ್ಯೇಕ ರಜೆ ಮಾತ್ರ ಇಲ್ಲ. ಬ್ರಿಟನ್ 2025ರ ಏಪ್ರಿಲ್‌ನಿಂದ ಅಂಥ ತಾಯಿ ತಂದೆ ಇಬ್ಬರಿಗೂ 12 ವಾರಗಳವರೆಗೆ ಹೆಚ್ಚುವರಿ ರಜೆಯ ಹಕ್ಕು ಕೊಟ್ಟಿದೆ.

ತಂದೆಯ ಬಗ್ಗೆ ಈ ಇತಿಹಾಸ ಇನ್ನೂ ಮೌನವಾಗಿದೆ. ಔಷಧದ ಚೀಟಿ ಹಿಡಿದು ಓಡುವವನು, ಬಿಲ್ಲು ಕಟ್ಟುವವನು, ಸಹಿ ಹಾಕುವವನು ಅವನು. ವೆಂಟಿಲೇಟರಿಗೆ ಹಾಕಬೇಕು ಎಂಬ ಸುದ್ದಿ ಮೊದಲು ಬೀಳುವುದು ಅವನ ಕಿವಿಗೇ. ಬಾಣಂತಿಗೆ ಹೇಳಬೇಡಿ ಎಂಬ ಹಿರಿಯರ ಅಪ್ಪಣೆಯೂ ಅವನಿಗೇ. ಅಳುವುದಕ್ಕೆ ಅವನಿಗೆ ಜಾಗವಿಲ್ಲ. ದುಡಿಮೆಗೆಂದು ಗಲ್ಫಿಗೆ ಹೋದವನಾದರೆ ತನ್ನ ಮಗುವನ್ನು ಮೊಬೈಲಿನ ಪರದೆಯಲ್ಲೇ ನೋಡಬೇಕು. ಕಾಂಗರೂ ಆರೈಕೆಯನ್ನು ತಂದೆಯೂ ಮಾಡಬಹುದು, ಅವನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಆದರೆ ಹೆಂಗಸರ ವಾರ್ಡಿನಲ್ಲಿ ಗಂಡಸು ಅಂಗಿ ಬಿಚ್ಚಿ ಕೂರುವುದಕ್ಕೆ ಮರೆ ಬೇಕು, ಅಂಥ ಮರೆ ಕಟ್ಟಿಸಲು ದೊಡ್ಡ ಖರ್ಚೇನೂ ಇಲ್ಲ.

ಊರು ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಲೇಡಿಗೋಷನ್ನಿನಲ್ಲಿ ರೋಟರಿಯವರ ನೆರವಿನಿಂದ 2022ರಲ್ಲಿ ತಾಯಿಹಾಲಿನ ಬ್ಯಾಂಕ್ ಶುರುವಾಯಿತು. ಹಾಲು ಬಾರದ ತಾಯಿಯ ಎದೆಯ ಭಾರವನ್ನು ಅದು ಎಷ್ಟು ಇಳಿಸುತ್ತದೆ ಎಂಬುದನ್ನು ಲೆಕ್ಕದಲ್ಲಿ ಹೇಳಲಾಗದು. ತನ್ನ ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು ಹಾಲಿರುವವಳು ಪಕ್ಕದ ಪೆಟ್ಟಿಗೆಯ ಮಗುವಿಗೆ ಕೊಡುವಾಗ ಅವಳಿಗೂ ತಾನು ಸೋತವಳಲ್ಲ ಎಂಬ ಧೈರ್ಯ ಬರುತ್ತದೆ. ಎಂ ಫ್ರೆಂಡ್ಸ್ ಟ್ರಸ್ಟ್ 'ಕಾರುಣ್ಯ' ಎಂಬ ಹೆಸರಿನಲ್ಲಿ ವೆನ್‌ಲಾಕಿನ ರೋಗಿಗಳ ಜತೆಗಿರುವವರಿಗೆ ರಾತ್ರಿಯೂಟ ಕೊಡುತ್ತ ಬಂದಿದೆ. ಮನಸ್ಸಿನ ಆರೋಗ್ಯ ಎಂದಾಗ ಊಟದ ಮಾತು ಯಾರಿಗೂ ಹೊಳೆಯುವುದಿಲ್ಲ, ಆದರೆ ಹಸಿದ ಹೊಟ್ಟೆಯಲ್ಲಿ ಕಾಯುವವರಿಗೆ ಗೊತ್ತು. ಇನ್ನೂ ಹಿಂದಕ್ಕೆ ಹೋದರೆ, 1960ರಲ್ಲೇ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು ಇಲ್ಲಿ ಹುಟ್ಟಿತು. ಕಪ್ಲಾನ್ ಮತ್ತು ಮೇಸನ್ ತಮ್ಮ ಪ್ರಬಂಧ ಪ್ರಕಟಿಸಿದ ವರ್ಷವೇ ಅದು. ರೋಗಿಯ ಮನೆಯವರ ಜತೆ ಕೂತು ಮಾತಾಡಬಲ್ಲವರನ್ನು ತಯಾರು ಮಾಡುವ ವಿದ್ಯೆ ಈ ಊರಿನಲ್ಲಿ ಅರವತ್ತು ವರ್ಷಗಳಿಂದ ಇದೆ. ಪ್ರತಿ ಎನ್‌ಐಸಿಯುವಿಗೂ ಅಂಥ ಒಬ್ಬರು ಬೇಕು.

ಅದು ಹೆಚ್ಚುವರಿ ಸೌಲಭ್ಯವೇನಲ್ಲ. ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಇದೇ ಕರಾವಳಿಯ ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತು ಆರರಿಂದ ಎಂಟು ವಾರವಾದ ತಾಯಂದಿರಲ್ಲಿ ಶೇ 23 ಮಂದಿಗೆ ಖಿನ್ನತೆ ಇತ್ತು. ದಿನ ತುಂಬಿ ಹೆತ್ತವರೂ ಸೇರಿದ ಲೆಕ್ಕ ಅದು. 2020ರಲ್ಲಿ ಭಾರತದಲ್ಲಿ ಅವಧಿಗೆ ಮೊದಲು ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ, ಜಗತ್ತಿನಲ್ಲೇ ಅತಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ಇಬ್ಬರನ್ನೂ ಜತೆಗೇ ದಾಖಲಿಸಿಕೊಳ್ಳುವ ಮನೋರೋಗ ವಿಭಾಗ ತೆರೆದಾಗ ದಕ್ಷಿಣ ಏಷ್ಯಾದಲ್ಲಿ ಅಂಥದು ಇನ್ನೊಂದು ಇರಲಿಲ್ಲ. ಆದರೆ ಅಲ್ಲಿಗೆ ಹೋಗುವುದು ತೀರಾ ಕೈಮೀರಿದವರು. ಉಳಿದವರ ಸಂಕಟವನ್ನು ಗುರುತಿಸಬೇಕಾದದ್ದು ಊರಿನ ಆಸ್ಪತ್ರೆಯಲ್ಲೇ.

ಗುರುತಿಸಲು ಹೊಸ ಸಾಧನ ಬೇಕಾಗಿಲ್ಲ. ಎಡಿನ್‌ಬರೋದಲ್ಲಿ 1987ರಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಬಳಕೆಯಲ್ಲಿದೆ. ಸಮಯವೂ ಬೇರೆ ಹುಡುಕಬೇಕಾಗಿಲ್ಲ. 2 ಕೆ.ಜಿ.ಗಿಂತ ಕಡಿಮೆ ತೂಕದ, ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಕಣ್ಣಿನ ನರಪಟಲವನ್ನು ಹುಟ್ಟಿದ ನಾಲ್ಕು ವಾರದೊಳಗೆ ಪರೀಕ್ಷಿಸಬೇಕೆಂಬ ನಿಯಮ ಭಾರತದಲ್ಲಿದೆ, ಕುರುಡುತನ ತಪ್ಪಿಸಲು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಹಳ್ಳಿಗಳ ಮಕ್ಕಳಿಗೂ ಆ ಪರೀಕ್ಷೆ ತಲುಪಿಸಿದ ರೀತಿಯನ್ನು ದೇಶವೇ ಗಮನಿಸಿದೆ. ಮಗುವಿನ ಕಣ್ಣಿಗೆ ಔಷಧ ಬಿಟ್ಟು ಪಾಪೆ ಅರಳುವವರೆಗೆ ಹೆತ್ತವರು ಅರ್ಧ ಗಂಟೆಯಾದರೂ ಹೊರಗೆ ಕಾಯುತ್ತಾರೆ. ಆ ಹೊತ್ತಿನಲ್ಲಿ ಒಬ್ಬ ನರ್ಸ್ ತಾಯಿಯ ಪಕ್ಕ ಕೂತು ಆ ಹತ್ತು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಮಗುವಿನ ಫೈಲಿನಲ್ಲೇ ಬರೆದಿಡಬಹುದು. ಜತೆಗೆ ಬಂದ ತಂದೆಯನ್ನೂ ಕರೆದು ಕೇಳಬಹುದು.